ಮೆದುಳಿನ ಗಂಟಿಗೆ ಗುರಿಯಿಟ್ಟ ರೇಡಿಯೇಷನ್: ಯಾರಿಗೆ ಸರಿ, ಯಾರಿಗೆ ಬೇಡ?

ಶ್ವಾಸಕೋಶದ ಅಥವಾ ಸ್ತನದ ಕ್ಯಾನ್ಸರ್ ಮೆದುಳಿಗೂ ಹರಡಿ, ಎಂಆರ್‌ಐನಲ್ಲಿ ಎರಡು ಮೂರು ಗಂಟು ಕಂಡಾಗ ಮನೆಯವರಿಗೆ ಎದುರಾಗುವ ಪ್ರಶ್ನೆ ಒಂದು: ಇಡೀ ಮೆದುಳಿಗೆ ರೇಡಿಯೇಷನ್ ಕೊಡಿಸುವುದೋ, ಗಂಟಿಗಷ್ಟೇ ಗುರಿಯಿಡುವ ರೇಡಿಯೋಸರ್ಜರಿ ಮಾಡಿಸುವುದೋ? ದುಬಾರಿಯದ್ದೇ ಒಳ್ಳೆಯದಿರಬೇಕು ಎಂದು ಸಾಲ ಮಾಡಿಯಾದರೂ ಎರಡನೆಯದಕ್ಕೆ ಹೊರಡುವವರಿದ್ದಾರೆ. ಲೆಕ್ಕ ಅಷ್ಟು ಸಲೀಸಲ್ಲ.

ರೇಡಿಯೋಸರ್ಜರಿಯ ಕಲ್ಪನೆಯನ್ನು ಸ್ವೀಡನ್ನಿನ ನರಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್ 1951ರಲ್ಲೇ ಮುಂದಿಟ್ಟಿದ್ದರು. ಅವರು ರೂಪಿಸಿದ ಗಾಮಾ ನೈಫ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ. ಹೆಸರಿನಲ್ಲಿ ಚಾಕು ಇದ್ದರೂ ಇಲ್ಲಿ ಯಾರೂ ತಲೆ ಕೊಯ್ಯುವುದಿಲ್ಲ. ಸಾಮಾನ್ಯವಾಗಿ ಹಣೆ ಮತ್ತು ಹಿಂದಲೆಯ ನಾಲ್ಕು ಕಡೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಲೋಹದ ಚೌಕಟ್ಟನ್ನು ಸ್ಕ್ರೂಗಳಿಂದ ಬಿಗಿಯುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ. ಈಗಿನ ಯಂತ್ರಗಳಲ್ಲಿ 192 ಕೋಬಾಲ್ಟ್ ಮೂಲಗಳಿಂದ ಹೊರಟ ಕಿರಣಗಳು ಒಂದೇ ಬಿಂದುವಿನಲ್ಲಿ ಸೇರುತ್ತವೆ. ಒಂದೊಂದು ಕಿರಣವೂ ದುರ್ಬಲ, ಆದ್ದರಿಂದ ಹಾದಿಯಲ್ಲಿನ ಮೆದುಳಿಗೆ ಪೆಟ್ಟು ಕಡಿಮೆ. ಸೇರಿದ ಜಾಗದಲ್ಲಿ ಮಾತ್ರ ಪೂರ್ತಿ ಏಟು. ಬಹುಪಾಲು ಒಂದೇ ದಿನದ ಕೆಲಸ. ಇಡೀ ಮೆದುಳಿನ ಚಿಕಿತ್ಸೆಗಾದರೆ ಸಾಮಾನ್ಯವಾಗಿ ಹತ್ತು ಸಲ ಆಸ್ಪತ್ರೆಗೆ ಹೋಗಬೇಕು, ಕೂದಲೂ ಉದುರುತ್ತದೆ.

ಮುಖ್ಯ ವ್ಯತ್ಯಾಸ ನೆನಪಿನ ಶಕ್ತಿಯದ್ದು. ಒಂದರಿಂದ ಮೂರು ಗಂಟುಗಳಿದ್ದ 213 ರೋಗಿಗಳ ಮೇಲೆ ಉತ್ತರ ಅಮೆರಿಕದಲ್ಲಿ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ರೇಡಿಯೋಸರ್ಜರಿ ಮಾತ್ರ ಪಡೆದವರಲ್ಲಿ ಮೂರು ತಿಂಗಳಿಗೆ ನೆನಪು, ಗ್ರಹಿಕೆ ಕುಂದಿದವರು ಶೇ. 63.5. ಅದರ ಜೊತೆಗೆ ಇಡೀ ಮೆದುಳಿಗೂ ರೇಡಿಯೇಷನ್ ಪಡೆದವರಲ್ಲಿ ಶೇ. 91.7. ಎರಡೂ ಸೇರಿಸಿ ಕೊಟ್ಟದ್ದರಿಂದ ಆಯುಷ್ಯವೇನೂ ಹೆಚ್ಚಲಿಲ್ಲ.

ಅದೇ ಪ್ರಯೋಗ ಇನ್ನೊಂದು ಪಕ್ಷಕ್ಕೂ ಸಾಕ್ಷಿ ನುಡಿಯುತ್ತದೆ. ಮೂರು ತಿಂಗಳವರೆಗೆ ಮೆದುಳಿನಲ್ಲಿ ರೋಗ ಹತೋಟಿಯಲ್ಲಿದ್ದದ್ದು ರೇಡಿಯೋಸರ್ಜರಿ ಮಾತ್ರ ಪಡೆದವರಲ್ಲಿ ಶೇ. 75ರಷ್ಟು ಮಂದಿಗೆ, ಎರಡನ್ನೂ ಪಡೆದವರಲ್ಲಿ ಶೇ. 94ರಷ್ಟು ಮಂದಿಗೆ. ಕಾರಣ ಸರಳ: ಗುರಿಯಿಡಲು ಗಂಟು ಕಣ್ಣಿಗೆ ಕಾಣಬೇಕು. ಸ್ಕ್ಯಾನ್‌ಗೆ ಸಿಗದ ಸೂಕ್ಷ್ಮ ಬೀಜಗಳನ್ನು ಎಷ್ಟೇ ನಿಖರವಾದ ಯಂತ್ರವೂ ಮುಟ್ಟುವುದಿಲ್ಲ. ಹಾಗಾಗಿ ಎರಡು ಮೂರು ತಿಂಗಳಿಗೊಮ್ಮೆ ಎಂಆರ್‌ಐ ತಪ್ಪಿಸುವಂತಿಲ್ಲ. ಬೀದರಿನಿಂದಲೋ ರಾಯಚೂರಿನಿಂದಲೋ ಬೆಂಗಳೂರಿಗೆ ಬರುವ ಕುಟುಂಬಕ್ಕೆ ಈ ಓಡಾಟವೂ ಚಿಕಿತ್ಸೆಯ ಖರ್ಚೇ. ಗಂಟು ಮೂರು ಸೆಂಟಿಮೀಟರ್ ದಾಟಿದರೆ ಒಂದೇ ಏಟಿನ ಚಿಕಿತ್ಸೆ ಕಷ್ಟ. ಸುಟ್ಟ ಜಾಗದ ಅಂಗಾಂಶ ಸತ್ತು ಊದಿಕೊಳ್ಳುವ ಅಪಾಯವೂ ಇದೆ, ಅದು ತಿಂಗಳುಗಳ ನಂತರ ಕಾಣಿಸಿಕೊಳ್ಳಬಹುದು.

ಇತ್ತ ಹಳೆಯ ವಿಧಾನವೂ ಸುಧಾರಿಸಿದೆ. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಭಾಗವನ್ನು ಬಿಟ್ಟು ಉಳಿದ ಮೆದುಳಿಗೆ ಕಿರಣ ಕೊಟ್ಟು, ಜೊತೆಗೆ ಮೆಮಾಂಟಿನ್ ಮಾತ್ರೆ ಕೊಟ್ಟರೆ ಹಾನಿ ತಗ್ಗುತ್ತದೆ.

ನನ್ನ ತೀರ್ಮಾನ ಇಷ್ಟು. ಗಂಟುಗಳು ಕೆಲವೇ, ಸಣ್ಣವು, ದೇಹದ ಉಳಿದ ಕಡೆ ಕ್ಯಾನ್ಸರ್ ಹತೋಟಿಯಲ್ಲಿದೆ, ಸ್ಕ್ಯಾನ್‌ಗೆ ತಪ್ಪದೆ ಬರಲಾಗುತ್ತದೆ ಎಂದಾದರೆ ರೇಡಿಯೋಸರ್ಜರಿಯೇ ಮೇಲು. ಗಂಟುಗಳು ಮೆದುಳಿನ ತುಂಬ ಹರಡಿದ್ದರೆ ಇಡೀ ಮೆದುಳಿನ ಚಿಕಿತ್ಸೆ ಬಡವರ ಪಾಲಿನ ಎರಡನೇ ದರ್ಜೆಯದ್ದಲ್ಲ, ಅಲ್ಲಿ ಅದೇ ತಕ್ಕದ್ದಿರಬಹುದು. ರೋಗಿ ತೀರಾ ಬಳಲಿದ್ದರೆ ಎರಡೂ ಬೇಡವಾಗಿ, ಊತ ಇಳಿಸುವ ಸ್ಟೀರಾಯ್ಡ್ ಮತ್ತು ಆರೈಕೆಯೇ ಸಾಕೆನಿಸಬಹುದು. ಯಂತ್ರದ ಹೆಸರು ಕೇಳುವ ಮೊದಲು ವೈದ್ಯರನ್ನು ಇದನ್ನು ಕೇಳಿ: ಇದರಿಂದ ರೋಗಿಗೆ ಉಳಿಯುವುದೇನು, ಮುಂದಿನ ಸ್ಕ್ಯಾನ್ ಯಾವಾಗ, ಹೊಸ ಗಂಟು ಬಂದರೆ ಏನು ಮಾಡುತ್ತೀರಿ?