ಅಲ್ಲಿ ತೆಂಕಣ, ಇಲ್ಲಿ ಬಡಗಣ

ಕಳೆದ ದೀಪಾವಳಿಗೆ ಆಳಂದದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಬೆಂಗಳೂರಿನಲ್ಲಿ ಓದುತ್ತಿರುವ ಅವಳ ಮಗನೂ ರಜೆಗೆ ಬಂದಿದ್ದ. ಪಡಸಾಲೆಯಲ್ಲಿ ಕುಳಿತು ಅವನು ಯಾವುದೋ ಇಂಗ್ಲಿಷ್ ಧ್ವನಿಮುದ್ರಿಕೆಯನ್ನು ಕೇಳುತ್ತಿದ್ದ. ಅದರಲ್ಲಿ ಹಾಡುವುದಕ್ಕಿಂತ ಹೇಳುವುದೇ ಹೆಚ್ಚು. ತಾಳದ ಬೆನ್ನೇರಿ, ಪ್ರಾಸದ ಮೇಲೆ ಪ್ರಾಸವಾಗಿ ಮಾತು ಓಡುತ್ತಿತ್ತು. ಒಳಗೆ ಹೋಳಿಗೆ ಲಟ್ಟಿಸುತ್ತಿದ್ದ ತಂಗಿ, "ಇದೇನಪಾ, ಗೀಗೀ ಮೇಳದವರು ಜಗಳಕ್ಕ ನಿಂತಂಗ ಅದ!" ಎಂದಳು.

ನಾವೆಲ್ಲರೂ ನಕ್ಕೆವು. ಆದರೆ ವಾಚಕರೇ, ಅವಳ ಮಾತು ಸತ್ಯಕ್ಕೆ ಬಹಳ ದೂರವಾಗಿರಲಿಲ್ಲ. ನಮ್ಮ ಸೀಮೆಯ ಜಾತ್ರೆಗಳಲ್ಲಿ ಹರದೇಶಿ-ನಾಗೇಶಿಯರ ವಾದ ಕೇಳಿದವರಿಗೆ ಇದು ತಿಳಿದೀತು. ಪುರುಷನೇ ಹೆಚ್ಚೆಂದು ಹರದೇಶಿ ಮೇಳ, ಸ್ತ್ರೀಯೇ ಹೆಚ್ಚೆಂದು ನಾಗೇಶಿ ಮೇಳ. ದಪ್ಪು, ತುಂತುಣಿ, ತಾಳಗಳ ನಡುವೆ ಒಬ್ಬರ ಸವಾಲಿಗೆ ಇನ್ನೊಬ್ಬರ ಜವಾಬು, ಬೆಳಗಾಗುವವರೆಗೂ.

ಹುಡುಗ ಕೇಳುತ್ತಿದ್ದುದು 'ಔಟ್‌ಕಾಸ್ಟ್' ಎಂಬ ಜೋಡಿಯ ರ‍್ಯಾಪ್ ಸಂಗೀತ. ಈ ಇಬ್ಬರು ತರುಣರು ಅಮೆರಿಕದ ತೆಂಕಣ ಸೀಮೆಯಾದ ಅಟ್ಲಾಂಟಾದವರು. ರ‍್ಯಾಪ್ ಹುಟ್ಟಿದ್ದು ನ್ಯೂಯಾರ್ಕ್‌ನಲ್ಲಿ. ಆದ್ದರಿಂದ ಆ ನಗರದವರಿಗೆ ತೆಂಕಣದವರ ಉಚ್ಚಾರಣೆ ಹಳ್ಳಿಗರ ರಾಗವೆಂಬ ತಾತ್ಸಾರ. 1995ರಲ್ಲಿ ನ್ಯೂಯಾರ್ಕ್‌ನ ಸಮಾರಂಭವೊಂದರಲ್ಲಿ ಈ ಜೋಡಿಗೆ ಬಹುಮಾನ ಬಂದಾಗ ಸಭಿಕರು ಕೂಗಿ ಗೇಲಿ ಮಾಡಿದರು. ಜೋಡಿಯಲ್ಲೊಬ್ಬನಾದ ಆಂಡ್ರೆ, ತೆಂಕಣಕ್ಕೂ ಹೇಳುವುದಿದೆ ಎಂದಷ್ಟೇ ನುಡಿದು ವೇದಿಕೆಯಿಂದ ಇಳಿದ. ಅವರು ತಮ್ಮ ಉಚ್ಚಾರಣೆಯನ್ನು ತಿದ್ದಿಕೊಳ್ಳಲಿಲ್ಲ. 2003ರಲ್ಲಿ ಅವರು ಹೊರತಂದ ಜೋಡಿ ಆಲ್ಬಂ ಮರುವರ್ಷವೇ ವರ್ಷದ ಶ್ರೇಷ್ಠ ಆಲ್ಬಂ ಎಂದು ಗ್ರ್ಯಾಮಿ ಪ್ರಶಸ್ತಿಯನ್ನು ಪಡೆಯಿತು.

ಈ ಕಥೆಯನ್ನು ಹೇಳಿ ಹುಡುಗ ಸುಮ್ಮನಾದ. ಆಮೇಲೆ ಮೆಲ್ಲನೆ, "ಮಾಮಾ, ನಮ್ಮಲ್ಲಿ ದಿಕ್ಕು ಉಲ್ಟಾ ನೋಡ್ರಿ" ಎಂದ. ಬೆಂಗಳೂರಿನಲ್ಲಿ ಮೊದಲ ದಿನ "ಏನ್ ಮಾಡ್ಲಾಕತ್ತೀರಿ?" ಎಂದು ಕೇಳಿದ್ದಕ್ಕೆ ಸಹಪಾಠಿಗಳು ನಕ್ಕರಂತೆ. ಅಂದಿನಿಂದ ಅವನು ಬಾಯಿ ತೆರೆಯುವ ಮುನ್ನ ಮಾತನ್ನು ಮನಸ್ಸಿನಲ್ಲಿಯೇ ತೊಳೆದು ಮಡಿ ಮಾಡಿಕೊಳ್ಳುತ್ತಾನೆ.

ನನಗೆ ತಲೆಯೆತ್ತಲಾಗಲಿಲ್ಲ. ಹಾಗೆ ನಕ್ಕವರಲ್ಲಿ ನಾನೂ ಒಬ್ಬ. ನನ್ನ ಮನೆಗೆ ಊಟಕ್ಕೆ ಬಂದಾಗಲೆಲ್ಲ ಅವನ 'ಅದ'ವನ್ನು 'ಇದೆ' ಎಂದು ತಿದ್ದಿದವನು ನಾನೇ. ನಲವತ್ತು ವರ್ಷಗಳ ಹಿಂದೆ ಇದೇ ಆಳಂದದಿಂದ ಹೊರಟು ಬೆಂಗಳೂರು ಸೇರಿದಾಗ ನನ್ನನ್ನೂ ಯಾರೋ ಹಾಗೆಯೇ ತಿದ್ದಿದ್ದರು. ಪಡೆದ ಪೆಟ್ಟನ್ನು ಉಪಕಾರವೆಂದು ಬಗೆದು ಮುಂದಿನವನಿಗೆ ದಾಟಿಸಿದ್ದೆ.

ಈ ನುಡಿಯಲ್ಲಿ ಹಿರಿದನ್ನು ಹೇಳಲಾಗದೆಂಬುದು ನಿಜವಾದರೆ ಕಡಕೋಳ ಮಡಿವಾಳಪ್ಪನವರು ಇರಲೇ ಇಲ್ಲವೆನ್ನಬೇಕಾಗುತ್ತದೆ. ಅಫಜಲಪುರ ಸೀಮೆಯ ಬಿದನೂರಿನಲ್ಲಿ ಹುಟ್ಟಿ, ಬಹುಕಾಲ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಕಡಕೋಳದಲ್ಲಿ ನೆಲೆಸಿದ ಈ ಅನುಭಾವಿ, ಜಾತಿಯ ಹಮ್ಮನ್ನೂ ಆಚಾರದ ಸೋಗನ್ನೂ ಕಟಕಿಯಾಡಿದ್ದು ಈ ನೆಲದ ಆಡುಮಾತಿನಲ್ಲಿಯೇ. ಅವರ ಶಿಷ್ಯಬಳಗದಲ್ಲಿ ಚೆನ್ನೂರು ಜಲಾಲಸಾಹೇಬರೂ ಖೈನೂರು ಕೃಷ್ಣಪ್ಪನವರೂ ಇದ್ದರು. ಗುರುವಿನಂತೆ ಅವರೂ ತತ್ವಪದಗಳನ್ನು ಕಟ್ಟಿದರು. ಏಕತಾರಿ, ದಮ್ಮಡಿಗಳೊಡನೆ ಇಂದಿಗೂ ರಾತ್ರಿಯ ಭಜನೆಗಳಲ್ಲಿ ಆ ಪದಗಳು ಕೇಳಿಬರುತ್ತವೆ. ಅವುಗಳ ನುಡಿಯನ್ನು ಯಾರೂ ತಿದ್ದಲು ಹೋಗಿಲ್ಲ. ತಿದ್ದಿದರೆ ತಾಳವೂ ತಪ್ಪೀತು, ತತ್ವವೂ ತಪ್ಪೀತು.

ಶುದ್ಧ ಬರೆಹದ ಭಾಷೆ ಬೇಡವೆಂದು ನಾನು ಹೇಳುತ್ತಿಲ್ಲ. ಈ ಅಂಕಣವನ್ನೇ ನಾನು ಆ ಭಾಷೆಯಲ್ಲಿ ಬರೆದು ಹೊಟ್ಟೆ ಹೊರೆಯುತ್ತಿದ್ದೇನೆ. ಹಬ್ಬದುಡುಗೆ ಬೇಕು, ನಿಜ. ಅದಕ್ಕಾಗಿ ಮೈಯ ಚರ್ಮವನ್ನೇ ಸುಲಿದುಕೊಳ್ಳಬೇಕಿಲ್ಲ.

ಮೊನ್ನೆ ಬೆಂಗಳೂರಿನ ಮನೆಗೆ ಹುಡುಗನ ದೂರವಾಣಿ ಕರೆ ಬಂತು. "ಹ್ಯಾಂಗ ಅದೀರಿ ಮಾಮಾ?" ಎಂದ. ಹಿಂದೆ ಯಾರೋ ಗೆಳೆಯರು ಮಾತನಾಡುತ್ತಿರುವ ಸದ್ದು ಕೇಳಿಸುತ್ತಿತ್ತು. ಆದರೂ ಅವನು ದನಿ ತಗ್ಗಿಸಿರಲಿಲ್ಲ. ನಾನು ಕ್ಷಣಕಾಲ ತಡವರಿಸಿದೆ. ನಲವತ್ತು ವರ್ಷ ಬಳಸದೆ ಇಟ್ಟ ಬೀಗ ಅಷ್ಟು ಸುಲಭವಾಗಿ ತೆರೆಯುವುದೇ? ಕೊನೆಗೆ ಹೇಗೋ, "ಆರಾಮ ಅದೀನಪಾ" ಎಂದೆ.

ಅತ್ತ ಹುಡುಗ ನಕ್ಕ. ಈ ಸಲದ ನಗೆಯಿಂದ ನನಗೆ ನೋವಾಗಲಿಲ್ಲ.