ಯಾರ ಖಾತೆಗೆ ಜಮಾ?

ಹೋದ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಾನೂ ನನ್ನ ಮೊಮ್ಮಗನೂ ಟಿ.ವಿ. ಮುಂದೆ ಕೂತೆವು. ಅವನಿಗೆ ಹದಿಮೂರು ವರ್ಷ. ಹಾಕಿದ ಸಿನಿಮಾ ‘ಕೆಲ್ಲೀಸ್ ಹೀರೋಸ್’, 1970ರ ಇಂಗ್ಲಿಷ್ ಚಿತ್ರ. ಎರಡನೇ ಮಹಾಯುದ್ಧದ ಕಾಲ. ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸಿನ ಒಂದು ಊರಿನ ಬ್ಯಾಂಕಿನಲ್ಲಿ ಚಿನ್ನದ ಗಟ್ಟಿಗಳಿವೆ. ಅವನ್ನು ಲಪಟಾಯಿಸಲು ಅಮೆರಿಕದ ಕೆಲವು ಸೈನಿಕರು ಹೊರಡುತ್ತಾರೆ. ಬ್ಯಾಂಕಿನ ಕಥೆ ಎಂದ ಮೇಲೆ ನಾನು ಎದ್ದು ಹೋಗುವುದುಂಟೇ? ಆ ಬ್ಯಾಂಕಿಗೆ ಮೂರು ಟೈಗರ್ ಟ್ಯಾಂಕುಗಳ ಕಾವಲು. ನಮ್ಮ ಶಾಖೆಗೆ ಇದ್ದದ್ದು ಒಬ್ಬ ಕಾವಲುಗಾರ, ಒಂದು ಹಳೇ ಬಂದೂಕು!

ಟ್ಯಾಂಕು ಗುಡುಗುಡು ಎಂದು ಬರುತ್ತಿದ್ದಂತೆ ಮೊಮ್ಮಗ ಚಿತ್ರವನ್ನು ನಿಲ್ಲಿಸಿದ.

“ತಾತ, ಇದು ಟೈಗರ್ ಅಲ್ಲ. ಬೇಕಾದರೆ ಚಕ್ರ ಎಣಿಸು.”

ಕನ್ನಡಕ ಹಾಕಿಕೊಂಡು ಎಣಿಸಿದೆ. ಒಂದು ಬದಿಗೆ ದೊಡ್ಡ ದೊಡ್ಡ ಐದು ಚಕ್ರ, ಒಂದಕ್ಕೊಂದು ತಾಗದ ಹಾಗೆ. “ಅಸಲಿ ಟೈಗರಿನಲ್ಲಿ ಒಂದು ಬದಿಗೆ ಎಂಟು ಅಚ್ಚು ಇರುತ್ತೆ ತಾತ. ಚಕ್ರಗಳೆಲ್ಲ ಒಂದರ ಹಿಂದೆ ಒಂದು ಸೇರಿಕೊಂಡಿರುತ್ತೆ” ಎಂದು ಪುಸ್ತಕ ತಂದು ತೋರಿಸಿದ. ನಿಜ. ಪಾತ್ರೆ ಅಂಗಡಿಯಲ್ಲಿ ಓರೆಯಾಗಿ ಜೋಡಿಸಿಟ್ಟ ತಟ್ಟೆಗಳಂತೆ ಕಂಡವು.

ಹಾಗಾದರೆ ಸಿನಿಮಾದಲ್ಲಿ ಇದ್ದದ್ದು ಯಾವುದು? ರಷ್ಯಾದವರ ಟಿ-34. ಚಿತ್ರೀಕರಣ ನಡೆದದ್ದು ಆಗಿನ ಯುಗೊಸ್ಲಾವಿಯಾದಲ್ಲಿ. ಅಲ್ಲಿನ ಸೈನ್ಯದ ಹತ್ತಿರ ಟಿ-34 ಇದ್ದವು. ಅವುಗಳ ಮೇಲೆ ತಗಡು ಹೊದಿಸಿ ಟೈಗರಿನ ವೇಷ ಹಾಕಿದ್ದರು. ಯುದ್ಧದಲ್ಲಿ ಟೈಗರಿನ ಎದುರು ನಿಂತು ಹೋರಾಡಿದ ಟ್ಯಾಂಕಿಗೇ ಟೈಗರಿನ ವೇಷ! 1998ರ ‘ಸೇವಿಂಗ್ ಪ್ರೈವೇಟ್ ರಯಾನ್’ ಚಿತ್ರದ ಟೈಗರುಗಳಿಗೂ ಐದೇ ಚಕ್ರ.

ಮೊಮ್ಮಗನ ಪಟ್ಟಿ ಅಲ್ಲಿಗೆ ಮುಗಿಯಲಿಲ್ಲ. 1965ರ ‘ಬ್ಯಾಟಲ್ ಆಫ್ ದಿ ಬಲ್ಜ್’ ಚಿತ್ರದ ಕಥೆ ನಡೆಯುವುದು 1944ರ ಡಿಸೆಂಬರಿನಲ್ಲಿ. ಅದರಲ್ಲಿ ಜರ್ಮನ್ ಟ್ಯಾಂಕುಗಳಾಗಿ ಓಡಾಡುವುದು ಅಮೆರಿಕದ ಎಂ-47. ಆ ಟ್ಯಾಂಕು ತಯಾರಾದದ್ದೇ ಯುದ್ಧ ಮುಗಿದ ಮೇಲೆ, 1950ರ ದಶಕದಲ್ಲಿ. ಸ್ಪೇನಿನ ಸೈನ್ಯದಿಂದ ಎರವಲು ತಂದದ್ದು. 1969ರ ‘ಬ್ಯಾಟಲ್ ಆಫ್ ಬ್ರಿಟನ್’ ಇನ್ನೂ ಸ್ವಾರಸ್ಯ. ಅದರ ಜರ್ಮನ್ ಮೆಸ್ಸರ್‌ಸ್ಮಿಟ್ ವಿಮಾನಗಳು ಸ್ಪೇನಿನಲ್ಲಿ ತಯಾರಾದವು, ಅವುಗಳ ಒಳಗೆ ಇದ್ದದ್ದು ಬ್ರಿಟಿಷರ ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್. ಎದುರಾಳಿ ಸ್ಪಿಟ್‌ಫೈರಿನದೂ ಅದೇ ಹೆಸರಿನ ಎಂಜಿನ್!

“ಎಲ್ಲಾ ಮೋಸ” ಎಂದ ಮೊಮ್ಮಗ.

ನಾನು ಒಪ್ಪಲಿಲ್ಲ. “ಊರ ಹಬ್ಬದ ಕುರುಕ್ಷೇತ್ರ ನಾಟಕದಲ್ಲಿ ಭೀಮನ ಗದೆ ಕಬ್ಬಿಣದ್ದೇನೋ? ರಟ್ಟಿನದು. ಯಾರಾದರೂ ಮೋಸ ಅಂತಾರಾ? ಟೈಗರ್ ಟ್ಯಾಂಕು ತಯಾರಾದದ್ದೇ ಸುಮಾರು 1,350. ಯುದ್ಧದಲ್ಲಿ ಸುಟ್ಟದ್ದು, ಗುಜರಿಗೆ ಹೋದದ್ದು ಬಿಟ್ಟರೆ ಉಳಿದದ್ದು ಬೆರಳೆಣಿಕೆ. ಓಡುವ ಸ್ಥಿತಿಯಲ್ಲಿ ಇರುವುದು ಇಂಗ್ಲೆಂಡಿನ ಬೋವಿಂಗ್ಟನ್ ಸಂಗ್ರಹಾಲಯದ ಒಂದೇ ಒಂದು ಅಂತ ನಿನ್ನ ಪುಸ್ತಕವೇ ಹೇಳುತ್ತೆ. ಪಾಪ, ಸಿನಿಮಾದವರು ಎಲ್ಲಿಂದ ತರಬೇಕು?”

“ಹಾಗಾದರೆ ಸಿನಿಮಾದಲ್ಲಿ ಏನು ತೋರಿಸಿದರೂ ಸರಿಯಾ ತಾತ?”

ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ನನ್ನದೇ ಒಂದು ಹಳೇ ತಪ್ಪನ್ನು ಹೇಳಬೇಕಾಯಿತು.

ಕಂಪ್ಯೂಟರ್ ಬರುವ ಮೊದಲಿನ ಮಾತು. ಹಳ್ಳಿಯ ಶಾಖೆಯೊಂದರಲ್ಲಿ ನಾನು ಲೆಡ್ಜರ್ ಬರೆಯುತ್ತಿದ್ದೆ. ಒಂದೇ ಹೆಸರಿನ ಇಬ್ಬರು ರೈತರ ಖಾತೆ ಇತ್ತು. ಒಬ್ಬರ ಕಬ್ಬಿನ ಹಣವನ್ನು ಇನ್ನೊಬ್ಬರ ಖಾತೆಗೆ ಜಮಾ ಮಾಡಿಬಿಟ್ಟೆ. ಸಾಯಂಕಾಲ ಲೆಕ್ಕ ಕೂಡಿಸಿದರೆ ಪೈಸೆ ಪೈಸೆ ಸರಿ! ಮೊತ್ತ ಸರಿಯಿದ್ದು ಖಾತೆ ಮಾತ್ರ ತಪ್ಪಿದರೆ ಟ್ರಯಲ್ ಬ್ಯಾಲೆನ್ಸ್ ಅದನ್ನು ಹಿಡಿಯುವುದಿಲ್ಲ. ಬಿ.ಕಾಂ. ಓದುವಾಗ ಇದನ್ನು ಬಾಯಿಪಾಠ ಮಾಡಿದ್ದೆ, ಅರ್ಥವಾದದ್ದು ಆಗ. ಮೂರು ವಾರದ ಮೇಲೆ ಆ ರೈತ ಮಗಳ ಶಾಲೆಯ ಫೀಸಿಗೆಂದು ಬಂದರು. ಖಾತೆಯಲ್ಲಿ ಹಣವಿಲ್ಲ. ಅವರು ಜಗಳವಾಡಲಿಲ್ಲ. “ನೀವು ಬರೆದದ್ದೇ ತಾನೆ ಸ್ವಾಮಿ ಲೆಕ್ಕ” ಎಂದು ಎದ್ದು ಹೊರಟರು. ನಾನು ಓಡಿಹೋಗಿ ಕೂರಿಸಿ, ಹಳೇ ವೋಚರುಗಳನ್ನೆಲ್ಲ ತೆಗೆದು ಸರಿಪಡಿಸಿದೆ. ಆ ಮಾತು ಮಾತ್ರ ಇವತ್ತಿಗೂ ಚುಚ್ಚುತ್ತದೆ.

ಯುದ್ಧದ ಸಿನಿಮಾಗಳಲ್ಲೂ ಇಂಥ ತಪ್ಪು ಆಗಿದೆ. 2000ದಲ್ಲಿ ಬಂದ ‘ಯು-571’ ಚಿತ್ರವನ್ನೇ ನೋಡಿ. ಜರ್ಮನ್ನರ ಹತ್ತಿರ ಎನಿಗ್ಮಾ ಎಂಬ ಯಂತ್ರವಿತ್ತು. ನೋಡಲು ಟೈಪ್‌ರೈಟರಿನ ಹಾಗೆ, ಮಾಡುವ ಕೆಲಸ ಸಂದೇಶಗಳನ್ನು ಗುಟ್ಟಿನ ಭಾಷೆಗೆ ತಿರುಗಿಸುವುದು. 1942ರಲ್ಲಿ ಅಮೆರಿಕದ ನಾವಿಕರು ಜರ್ಮನ್ ಜಲಾಂತರ್ಗಾಮಿಯೊಂದಕ್ಕೆ ನುಗ್ಗಿ ಎನಿಗ್ಮಾವನ್ನು ಕಿತ್ತು ತರುವುದು ಚಿತ್ರದ ಕಥೆ. ಯಂತ್ರ ಇದೆ, ಜಲಾಂತರ್ಗಾಮಿ ಇದೆ, ಸಾಹಸ ಇದೆ. ಮೊತ್ತ ಸರಿ. ಖಾತೆ ತಪ್ಪು.

ನಡೆದದ್ದು ಹೀಗೆ: 1941ರ ಮೇ ತಿಂಗಳಲ್ಲಿ ಯು-110 ಎಂಬ ಜಲಾಂತರ್ಗಾಮಿಯಿಂದ ಎನಿಗ್ಮಾವನ್ನು ವಶಪಡಿಸಿಕೊಂಡವರು ಬ್ರಿಟನ್ನಿನ ‘ಬುಲ್‌ಡಾಗ್’ ಹಡಗಿನ ನಾವಿಕರು. ಅಮೆರಿಕ ಆಗ ಯುದ್ಧಕ್ಕೆ ಇಳಿದೇ ಇರಲಿಲ್ಲ. ಇಳಿದದ್ದು ಡಿಸೆಂಬರಿನಲ್ಲಿ.

ಇನ್ನೊಂದು ಘಟನೆ 1942ರ ಅಕ್ಟೋಬರ್ 30ರ ರಾತ್ರಿಯದು. ಈಜಿಪ್ಟಿನ ಬಳಿಯ ಸಮುದ್ರದಲ್ಲಿ ಯು-559 ಮುಳುಗುತ್ತಿತ್ತು. ಬ್ರಿಟನ್ನಿನ ‘ಪೆಟಾರ್ಡ್’ ಹಡಗಿನಿಂದ ಟೋನಿ ಫ್ಯಾಸನ್ ಮತ್ತು ಕಾಲಿನ್ ಗ್ರೇಜಿಯರ್ ಅದರೊಳಗೆ ಇಳಿದು, ನೀರು ನುಗ್ಗುತ್ತಿದ್ದರೂ ಗುಟ್ಟಿನ ಸಂಕೇತ ಪುಸ್ತಕಗಳನ್ನು ಹುಡುಕಿ ತೆಗೆದರು. ಏಣಿಯ ಮೇಲೆ ನಿಂತು ಅವನ್ನು ಮೇಲಕ್ಕೆ ದಾಟಿಸಿದವನು ಟಾಮಿ ಬ್ರೌನ್, ಹಡಗಿನ ಕ್ಯಾಂಟೀನಿನ ಹುಡುಗ. ಮೇಲೆ ಬನ್ನಿ ಎಂದು ಅವನು ಕೂಗುತ್ತಿದ್ದಂತೆಯೇ ಜಲಾಂತರ್ಗಾಮಿ ತಳಕ್ಕೆ ಹೋಯಿತು. ಫ್ಯಾಸನ್, ಗ್ರೇಜಿಯರ್ ಅದರೊಂದಿಗೇ ಹೋದರು. ಟಾಮಿ ಉಳಿದ. ಅವನಿಗೆ ಹದಿನಾರು ವರ್ಷ. ವಯಸ್ಸು ಹೆಚ್ಚು ಹೇಳಿ ಕೆಲಸಕ್ಕೆ ಸೇರಿದ್ದ.

ಅವರು ತೆಗೆದುಕೊಟ್ಟ ಪುಸ್ತಕಗಳಿಂದ, ತಿಂಗಳುಗಟ್ಟಲೆ ಬಿಡಿಸಲಾಗದೆ ಇದ್ದ ಜರ್ಮನ್ ಜಲಾಂತರ್ಗಾಮಿಗಳ ಸಂದೇಶಗಳನ್ನು ಮತ್ತೆ ಓದಲು ಸಾಧ್ಯವಾಯಿತು. ಅಟ್ಲಾಂಟಿಕ್ ಸಾಗರದಲ್ಲಿ ಎಷ್ಟೋ ಹಡಗುಗಳು ಉಳಿದುಕೊಂಡವು. ಮೂವರಿಗೂ ಪದಕ ಬಂತು. ಆದರೆ ಯಾಕೆ ಎನ್ನುವುದು 1970ರ ದಶಕದವರೆಗೂ ಗುಟ್ಟು. ಅಷ್ಟರಲ್ಲಿ ಟಾಮಿಯೂ ಇರಲಿಲ್ಲ. 1945ರಲ್ಲಿ ಮನೆಗೆ ಬೆಂಕಿ ಬಿದ್ದಾಗ ಪುಟ್ಟ ತಂಗಿಯನ್ನು ಉಳಿಸಲು ಹೋಗಿ ತೀರಿಕೊಂಡಿದ್ದ. ‘ಇದು ನಮ್ಮ ಜಮಾ’ ಎಂದು ಕೌಂಟರಿಗೆ ಬಂದು ಕೇಳಲು ಆ ಮೂವರಲ್ಲಿ ಯಾರೂ ಉಳಿದಿರಲಿಲ್ಲ.

ಚಿತ್ರದ ಕೊನೆಯಲ್ಲಿ ಈ ನಿಜ ಘಟನೆಗಳನ್ನು ಕೆಲವು ಸಾಲುಗಳಲ್ಲಿ ಸ್ಮರಿಸಿದ್ದಾರೆ. ಆದರೆ ಎರಡು ಗಂಟೆ ನೋಡಿದ್ದು ನೆನಪಿರುತ್ತದೆ, ಕೊನೆಯ ಸಾಲು ಬರುವ ಹೊತ್ತಿಗೆ ನಾವು ಚಪ್ಪಲಿ ಹುಡುಕುತ್ತಿರುತ್ತೇವೆ.

ಚಿತ್ರದ ಬರಹಗಾರರಲ್ಲಿ ಒಬ್ಬರಾದ ಡೇವಿಡ್ ಏಯರ್ 2006ರಲ್ಲಿ ಬಿಬಿಸಿ ರೇಡಿಯೊದಲ್ಲಿ ಇದು ತಿರುಚಿದ ಚರಿತ್ರೆ ಎಂದು ಒಪ್ಪಿಕೊಂಡರು, ಮತ್ತೆ ಹೀಗೆ ಮಾಡುವುದಿಲ್ಲ ಎಂದರು. ಅದೇ ಏಯರ್ 2014ರಲ್ಲಿ ‘ಫ್ಯೂರಿ’ ಎಂಬ ಟ್ಯಾಂಕ್ ಯುದ್ಧದ ಚಿತ್ರ ನಿರ್ದೇಶಿಸಿದರು. ಅದರಲ್ಲಿ ಬಂದದ್ದು ಬೋವಿಂಗ್ಟನ್ನಿನ ಅಸಲಿ ಟೈಗರ್. 1943ರಲ್ಲಿ ಟ್ಯುನೀಸಿಯಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿದ, 131 ಎಂಬ ಸಂಖ್ಯೆಯ ಟ್ಯಾಂಕು. ತಪ್ಪು ಒಪ್ಪಿಕೊಂಡ ಗುಮಾಸ್ತನ ಮುಂದಿನ ಲೆಡ್ಜರ್ ಚೊಕ್ಕಟವಾಗಿರುತ್ತದೆ ಎನ್ನುವುದು ನನ್ನ ಅನುಭವ.

ಮಕ್ಕಳೇ, ಯುದ್ಧದ ಸಿನಿಮಾ ನೋಡುವಾಗ ಚಕ್ರ ಎಣಿಸಿ, ಅದರಲ್ಲಿ ಖುಷಿಯಿದೆ. ಎಣಿಸಿ ಆದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಈ ಕೆಲಸ ನಿಜವಾಗಿ ಮಾಡಿದವರು ಯಾರು? ಟ್ಯಾಂಕಿಗೆ ವೇಷ ಹಾಕಿದರೆ ಟ್ಯಾಂಕು ಬೇಸರಪಡುವುದಿಲ್ಲ. ಮನುಷ್ಯರ ವಿಷಯ ಹಾಗಲ್ಲ.

ಮೊಮ್ಮಗ ಬಹಳ ಹೊತ್ತು ಸುಮ್ಮನಿದ್ದ. ಚಕ್ರಗಳ ಲೆಕ್ಕ ಬರೆಯುವ ಅವನ ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತಿರುವಿ ‘ಟಾಮಿ ಬ್ರೌನ್’ ಎಂದು ಬರೆದ.

“ತಾತ, ಅವನು ನನಗಿಂತ ಮೂರೇ ವರ್ಷ ದೊಡ್ಡವನು” ಎಂದ.