ಮೊದಲು ಬ್ರೇಕು, ಆಮೇಲೆ ಶೋಕಿ

ಹೋದ ಶನಿವಾರ ಆಫೀಸಿನ ಗೆಳೆಯನೊಬ್ಬ ವಾಟ್ಸಾಪಲ್ಲಿ ಫೋಟೋ ಕಳಿಸಿದ. ಅವನ ಬಾಡಿಗೆ ಮನೆಯ ಗೇಟಿನೊಳಗೆ ಒಂದು ಹಳೇ ಯೆಜ್ಡಿ ನಿಂತಿದೆ. ಟ್ಯಾಂಕಿಗೆ ತುಕ್ಕು ಹಿಡಿದಿದೆ, ಸೀಟು ಹರಿದಿದೆ. ಆದರೆ ಎಂಜಿನ್ ನಂಬರು, ಚಾಸಿ ನಂಬರು ಎರಡೂ ಆರ್‌ಸಿಗೆ ಸರಿಯಾಗಿ ಹೊಂದುತ್ತವಂತೆ. ನನಗೂ ಖುಷಿಯಾಯ್ತು. ಆದರೆ ಫೋಟೋ ಕೆಳಗಿದ್ದ ಮೆಸೇಜು ನೋಡಿ ಖುಷಿ ಇಳಿದುಹೋಯ್ತು: "ಗುರು, ಒಳ್ಳೇ ಗ್ರೈಂಡರ್ ಯಾವ್ದು ತಗೊಳ್ಲಿ? ಹಿಂದಿನ ಫ್ರೇಮ್ ಕತ್ತರಿಸ್ಬೇಕು. ಕೆಫೆ ರೇಸರ್ ಮಾಡ್ತಿದೀನಿ."

"ಒಂದು ವರ್ಷ ಗ್ರೈಂಡರ್ ಮುಟ್ಟಬೇಡ" ಅಂತ ಬರೆದೆ. ಅವನಿಗೆ ಸಿಟ್ಟು ಬಂತು. "ನನ್ನ ಬೈಕು, ನನ್ನ ದುಡ್ಡು, ನಿಂಗೇನಯ್ಯಾ ಕಷ್ಟ?" ಅಂದ.

ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರ ಮಾತ್ರ ವಾಟ್ಸಾಪಿಗೆ ಸ್ವಲ್ಪ ಉದ್ದ. ಯಾಕಂದ್ರೆ ಇದು ಊರಿಗೆ ಬುದ್ಧಿ ಹೇಳುವವನ ಉತ್ತರ ಅಲ್ಲ, ಕತ್ತರಿಸಿ ಕೈಸುಟ್ಟುಕೊಂಡವನದ್ದು.

ನಮ್ಮಪ್ಪ ನಂಜನಗೂಡಿನ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದರು. ಮನೆ ಮೈಸೂರಲ್ಲಿ. 1988ರ ಮಾಡೆಲ್ ಯೆಜ್ಡಿ ರೋಡ್‌ಕಿಂಗನ್ನು 1991ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರು. 2013ರಲ್ಲಿ ರಿಟೈರ್ ಆಗುವವರೆಗೂ ದಿನಾ ಅದರಲ್ಲೇ ಓಡಾಟ. ಆಮೇಲೆ ಅದು ಶೆಡ್ ಸೇರಿತು. ನಮ್ಮನೆಯಲ್ಲಿ ಕಾರಿರಲಿಲ್ಲ, ಆದರೆ ಕಾರ್ ಶೆಡ್ ಇತ್ತು.

ಮರುವರ್ಷ ನನಗೆ ಇಪ್ಪತ್ತಾರು. ಬೆಂಗಳೂರಲ್ಲಿ ಕೆಲಸ, ಕೈಯಲ್ಲಿ ಸಂಬಳ, ಫೋನಿನ ತುಂಬ ವಿದೇಶದ ಕೆಫೆ ರೇಸರ್‌ಗಳ ಫೋಟೋ. ಶುಕ್ರವಾರ ರಾತ್ರಿ ಬಸ್ಸು ಹತ್ತಿ ಹೋದರೆ ಎರಡು ದಿನ ಆ ಶೆಡ್ಡಲ್ಲೇ ಬಿದ್ದಿರುತ್ತಿದ್ದೆ. ಅಪ್ಪನ್ನ ಕೇಳಿಯೇ ಶುರು ಮಾಡಿದ್ದು. "ಏನಾದ್ರೂ ಮಾಡ್ಕೊಳಪ್ಪ, ಓಡೋ ಹಾಗಿರ್ಲಿ" ಅಂದಿದ್ದರು.

ಹಿಂದಿನ ಫ್ರೇಮನ್ನು ಆರು ಇಂಚು ಕತ್ತರಿಸಿದೆ. ಎರಡೂ ಮಡ್‌ಗಾರ್ಡ್ ಕಿತ್ತೆ. ಇಬ್ಬರು ಕೂರುವ ಉದ್ದ ಸೀಟು ಹೋಗಿ, ಹಿಂದೆ ಗೂನು ಇರುವ ಒಂಟಿ ಸೀಟು ಬಂತು. ಹ್ಯಾಂಡಲ್ ತೆಗೆದು ಫೋರ್ಕಿಗೆ ಕ್ಲಿಪ್ ಆಗುವ ಕುಳ್ಳ ಹಿಡಿಗಳನ್ನು ಹಾಕಿದೆ. ಏರ್ ಫಿಲ್ಟರ್ ಡಬ್ಬ ಎಸೆದು ಕೋನ್ ಫಿಲ್ಟರ್ ಸಿಕ್ಕಿಸಿದೆ. ಎರಡು ಸೈಲೆನ್ಸರಿನ ಒಳಗಿನ ಬ್ಯಾಫಲ್ ಎಳೆದು ಬಿಸಾಕಿದೆ. ಮೇಲಿಂದ ಮ್ಯಾಟ್ ಬ್ಲ್ಯಾಕ್ ಸ್ಪ್ರೇ. ಫೋಟೋ ಹಾಕಿದೆ, ನಾಲ್ಕುನೂರು ಲೈಕು ಬಂತು.

ಮುಟ್ಟದೇ ಇದ್ದದ್ದು ಒಂದೇ: ಬ್ರೇಕು. ಯಾಕಂದ್ರೆ ಬ್ರೇಕ್ ಶೂ ಇರೋದು ಡ್ರಮ್ಮಿನ ಒಳಗೆ. ಅದರ ಫೋಟೋ ಬರಲ್ಲ.

ಒಂದು ಭಾನುವಾರ ಸಂಜೆ ಚಾಮುಂಡಿ ಬೆಟ್ಟ ಇಳಿಯುತ್ತಿದ್ದೆ. ಎರಡನೇ ತಿರುವಿನಲ್ಲಿ ಮುಂದಿನ ಲಿವರ್ ಹಿಡಿಗೆ ಬಂದು ತಾಗಿತು. ಹಿಂದಿನ ಪೆಡಲ್ ಒತ್ತಿದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಟೂ ಸ್ಟ್ರೋಕ್ ಎಂಜಿನ್ನು ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದು ಕಡಿಮೆ. ಎದುರಿಗೆ ಒಂದು ಸಂಸಾರ ನಡೆದು ಹತ್ತುತ್ತಿತ್ತು. ನಾನು ಗುಡ್ಡದ ಕಡೆಯ ಚರಂಡಿಗೆ ಗಾಡಿ ಬಿಟ್ಟೆ. ಮೊಣಕೈ ತರಚಿತು, ಟ್ಯಾಂಕು ನೆಗ್ಗಿತು, ಬೇರೆ ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಡ್ರಮ್ ಬಿಚ್ಚಿದ ಮೇಸ್ತ್ರಿ ಸವೆದ ಶೂ ನನ್ನ ಕೈಗಿಟ್ಟು ಕೇಳಿದರು: "ಪೈಂಟಿಗೆ ಎಷ್ಟಾಯ್ತು ಸ್ವಾಮಿ?" ನಾನು ಹೇಳಿದೆ. "ಇದಕ್ಕೆ ಅದರಲ್ಲಿ ಕಾಲು ಭಾಗ ಸಾಕಿತ್ತು" ಅಂದರು.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಬೆಟ್ಟದಲ್ಲಲ್ಲ, ನಮ್ಮನೆ ಗೇಟಿನ ಮುಂದೆ. ಮುಂದಿನ ತಿಂಗಳು ಅಪ್ಪನಿಗೆ ಪಿಂಚಣಿ ಕೆಲಸಕ್ಕೆ ಬ್ಯಾಂಕಿಗೆ ಹೋಗಬೇಕಿತ್ತು. "ಬನ್ನಿಪ್ಪಾ, ನಾನೇ ಬಿಡ್ತೀನಿ" ಅಂದೆ. ಹೆಲ್ಮೆಟ್ ಹಾಕಿಕೊಂಡು ಬಂದರು. ಗಾಡಿಯ ಹಿಂದೆ ನಿಂತು ಒಂದು ನಿಮಿಷ ನೋಡಿದರು. "ನಾನೆಲ್ಲಿ ಕೂತ್ಕೊಳ್ಳೋದೋ?" ಅಂದರು. ಬೈಯಲಿಲ್ಲ. ಹೆಲ್ಮೆಟ್ ತೆಗೆದು ಶೆಡ್ಡಿನ ಮೊಳೆಗೆ ನೇತುಹಾಕಿ, ಆಟೋದಲ್ಲಿ ಹೋದರು. ಇಪ್ಪತ್ತೆರಡು ವರ್ಷ ಅವರು ಓಡಿಸಿದ ಗಾಡಿಯಲ್ಲಿ ಅವರಿಗೇ ಜಾಗ ಇಲ್ಲದ ಹಾಗೆ ಮಾಡಿದ್ದೆ.

ಅದಕ್ಕೇ ಹೇಳೋದು. ಹಳೇ ಬೈಕನ್ನು ಮನೆಯಲ್ಲಿ ಬಿಚ್ಚಿ ಜೋಡಿಸುವುದು ನಮ್ಮಂಥ ಕೀಬೋರ್ಡ್ ಕುಟ್ಟುವವರಿಗೆ ಸಿಗುವ ಅತ್ಯುತ್ತಮ ವಿದ್ಯೆ. ಆದರೆ ನಾವು ಆ ವಿದ್ಯೆಯ ಕೊನೇ ಪುಟದಿಂದ ಓದೋಕೆ ಶುರು ಮಾಡ್ತೀವಿ. ರಿಪೇರಿ ಬಾರದವನ ಮಾಡಿಫಿಕೇಶನ್ನು ಕಲೆ ಅಲ್ಲ, ಹಾಳುಗೆಡವೋದು. ಒಂದು ವರ್ಷ ಗಾಡಿಯನ್ನು ರಿಪೇರಿ ಮಾಡಿ, ಓಡಿಸಿ, ಅದರ ಸ್ವಭಾವ ಕಲಿತವನಿಗೆ ಮಾತ್ರ ಗ್ರೈಂಡರ್ ಹಿಡಿಯುವ ಹಕ್ಕು. ಹಾಗೆ ಕಲಿತವನು ಬಹುಶಃ ಹಿಡಿಯೋದೇ ಇಲ್ಲ.

ಸೈಲೆನ್ಸರ್ ವಿಷಯವನ್ನೇ ತಗೊಳ್ಳಿ. "ಬ್ಯಾಫಲ್ ತೆಗೆದರೆ ಪವರ್ ಜಾಸ್ತಿ" ಅಂತ ಗಲ್ಲಿಗಲ್ಲಿಯಲ್ಲೂ ಹೇಳ್ತಾರೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಸೈಲೆನ್ಸರು ಬರೀ ಸದ್ದು ತಗ್ಗಿಸುವ ಕೊಳವೆ ಅಲ್ಲ, ಅದು ಎಂಜಿನ್ನಿನದೇ ಭಾಗ. ಈ ಎಂಜಿನ್ನಿಗೆ ವಾಲ್ವ್ ಇಲ್ಲ. ಸುಟ್ಟ ಹೊಗೆ ಹೊರಗೆ ಹೋಗುವಾಗಲೇ ಹೊಸ ಪೆಟ್ರೋಲು-ಗಾಳಿ ಒಳಗೆ ಬರುತ್ತಿರುತ್ತದೆ, ಅದರಲ್ಲಿ ಸ್ವಲ್ಪ ಹೊಗೆಯ ಜೊತೆಗೇ ಓಡಿಹೋಗಲು ನೋಡುತ್ತದೆ. ಸೈಲೆನ್ಸರಿನ ಆಕಾರದಿಂದ ವಾಪಸು ಬರುವ ಒತ್ತಡದ ಅಲೆ ಅದನ್ನು ತಳ್ಳಿ ಮತ್ತೆ ಸಿಲಿಂಡರಿಗೆ ಸೇರಿಸುತ್ತದೆ. ಒಳಗಿರೋದನ್ನು ಕಿತ್ತು ಹಾಕಿದರೆ ಆ ಲೆಕ್ಕವೇ ತಪ್ಪುತ್ತದೆ. ಸದ್ದು ದುಪ್ಪಟ್ಟು, ಎಳೆತ ಕಮ್ಮಿ. ಅದರ ಮೇಲೆ ಜೆಟ್ ಬದಲಿಸದೆ ಕೋನ್ ಫಿಲ್ಟರ್ ಹಾಕಿದರೆ ಗಾಳಿ ಹೆಚ್ಚಾಗಿ, ಪೆಟ್ರೋಲು ಕಮ್ಮಿಯಾಗಿ, ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಪೆಟ್ರೋಲಿಗೇ ಆಯಿಲ್ ಬೆರೆಸುವ ಗಾಡಿಯಲ್ಲಿ ಪೆಟ್ರೋಲು ಕಮ್ಮಿ ಅಂದ್ರೆ ಆಯಿಲೂ ಕಮ್ಮಿ ಅಂತಲೇ ಅರ್ಥ. ಕಾರ್ಖಾನೆಯ ಎಂಜಿನಿಯರು ವರ್ಷಗಟ್ಟಲೆ ಕೂತು ಹಾಕಿದ ಲೆಕ್ಕವನ್ನು ನಾವು ಭಾನುವಾರ ಬೆಳಗ್ಗೆ ಕಾಫಿ ಕುಡಿಯುತ್ತಾ ಅಳಿಸಿಬಿಡ್ತೀವಿ.

ಇನ್ನು "ನನ್ನ ಬೈಕು, ನನ್ನಿಷ್ಟ" ಅನ್ನುವ ಮಾತು. ಕಾನೂನು ಹಾಗೆ ಹೇಳಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ ಐದು ಸಾವಿರ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತ ಸೇರಿತು. ಹಳೇ ಗಾಡಿಯವರಿಗೆ ಇನ್ನೊಂದು ಗಂಡಾಂತರ ಇದೆ. ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. ನಾನು 2018ರಲ್ಲಿ ಹೋದಾಗ ಇನ್ಸ್‌ಪೆಕ್ಟರ್ ಆರ್‌ಸಿ ನೋಡಿದರು, ಗಾಡಿ ನೋಡಿದರು. "ಸೀಟಿಂಗ್ ಕೆಪ್ಯಾಸಿಟಿ ಎರಡು ಅಂತಿದೆಯಲ್ರೀ, ಎರಡನೆಯವರು ಎಲ್ಲಿ ಕೂರ್ತಾರೆ?" ಅಂದರು. ಅಪ್ಪ ಕೇಳಿದ್ದೂ ಅದೇ ಪ್ರಶ್ನೆ. ಗಾಡಿ ಫೇಲಾಯ್ತು. ಅವರ ಮೇಲೆ ನನಗೇನೂ ಕೋಪ ಇಲ್ಲ.

ಮೂರನೆಯದು ನನಗೆ ಹೆಚ್ಚು ನೋವಾಗುವ ವಿಷಯ. ಈ ಗಾಡಿಗಳು ಇನ್ನು ಹುಟ್ಟಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಜಾವಾ ಶುರುವಾಯ್ತು, 1973ರಿಂದ ಯೆಜ್ಡಿ ಹೆಸರು ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರೂ ಗೇರೂ ಒಂದೇ ಲಿವರ್. ನಮ್ಮೂರಿನ ಜನ ಕೈಯಾರೆ ಜೋಡಿಸಿದ ಗಾಡಿ ಅದು. ಈಗ ಯೆಜ್ಡಿ ಹೆಸರಲ್ಲಿ ಹೊಸ ಬೈಕು ಬಂದಿವೆ, ಅವು ಚೆನ್ನಾಗಿರಬಹುದು, ಆದರೆ ಅವು ಅವಲ್ಲ. ಆರ್‌ಎಕ್ಸ್ 100 ಕೂಡ 1996ಕ್ಕೇ ನಿಂತದ್ದು. ನಾವು ಕತ್ತರಿಸುವ ಒಂದೊಂದು ಫ್ರೇಮಿನ ಜೊತೆ ಲೆಕ್ಕದಲ್ಲಿ ಒಂದು ಗಾಡಿ ಕಮ್ಮಿಯಾಗುತ್ತದೆ.

ಹಾಗಂತ ಮೂಲದ ನಟ್ಟು ಬೋಲ್ಟಿಗೂ ಪೂಜೆ ಮಾಡುವವರ ಪಕ್ಷ ನಾನಲ್ಲ. ಗಾಡಿಯನ್ನು ಬಟ್ಟೆ ಹೊದಿಸಿ ಕಟ್ಟಿಟ್ಟು, ಬೆಲೆ ಏರಲಿ ಅಂತ ಕಾಯುವವರೂ ಅದನ್ನು ಕೊಲ್ಲುತ್ತಿದ್ದಾರೆ, ನಿಧಾನಕ್ಕೆ ಅಷ್ಟೇ. ಪಾರ್ಕಿಂಗಿನಲ್ಲಿ ಸ್ಪ್ಯಾನರ್ ಹಿಡಿದರೆ ನೋಟಿಸ್ ಅಂಟಿಸುವ ಅಪಾರ್ಟ್‌ಮೆಂಟ್ ಸಂಘಗಳ ಮೇಲೂ ನನಗೆ ಸಿಟ್ಟಿದೆ. ಎಣ್ಣೆ ಚೆಲ್ಲಿದರೆ ಒರೆಸಲು ಹೇಳಿ, ಕೈಕೆಲಸವನ್ನೇ ಬಹಿಷ್ಕರಿಸಬೇಡಿ.

ಬದಲಾವಣೆಗೂ ಒಂದು ಮರ್ಯಾದೆ ಇದೆ. ಕೆಫೆ ರೇಸರ್ ಅನ್ನೋದು ಶುರುವಾದದ್ದೇ ಬ್ರಿಟನ್ನಿನ ಐವತ್ತು-ಅರವತ್ತರ ದಶಕದ ದುಡಿಯುವ ಹುಡುಗರಿಂದ. ಲಂಡನ್ನಿನ ಏಸ್ ಕೆಫೆಯಂಥ ಜಾಗಗಳಲ್ಲಿ ಸೇರಿ, ತಮ್ಮ ಸಾಧಾರಣ ಬೈಕುಗಳಿಂದ ಇನ್ನಷ್ಟು ವೇಗ ತೆಗೆಯಲು ತೂಕ ಇಳಿಸಿದರು, ಹ್ಯಾಂಡಲ್ ತಗ್ಗಿಸಿದರು. ಅವರಿಗೆ ವೇಗ ಬೇಕಿತ್ತು, ರೂಪ ಅದರ ಹಿಂದೆ ಬಂತು. ನಮಗೆ ಬೇಕಿರೋದು ರೂಪ ಮಾತ್ರ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಲ್ಲಿ ಬೆನ್ನು ಬಗ್ಗಿಸಿಕೊಂಡು ಗಂಟೆಗೆ ಹತ್ತು ಕಿಲೋಮೀಟರಿನಲ್ಲಿ ಯಾವ ರೇಸು ಮಾರಾಯ್ರೆ?

ಅಷ್ಟು ದೂರವೂ ಬೇಡ. ಮಂಡ್ಯದ ಕಡೆ ಬೆಳಗಿನ ಜಾವ ಡೇರಿ ಮುಂದೆ ನಿಂತು ನೋಡಿ. ಹಳೇ ಬೈಕಿನ ಎರಡೂ ಕಡೆ ಹಾಲಿನ ಕ್ಯಾನ್ ನೇತುಹಾಕಲು ಕಬ್ಬಿಣದ ಚೌಕಟ್ಟು ಹಾಕಿಸಿಕೊಂಡವರು ಬರ್ತಾರೆ. ಎಷ್ಟೋ ಗಾಡಿಗಳಲ್ಲಿ ನಾಲ್ಕು ಬೋಲ್ಟ್ ಬಿಚ್ಚಿದರೆ ಗಾಡಿ ಮತ್ತೆ ಮೊದಲಿನಂತೆ, ಹೆಂಡತಿ ಮಕ್ಕಳು ಕೂತು ಜಾತ್ರೆಗೆ ಹೋಗಬಹುದು. ಮಾಡಿಫಿಕೇಶನ್ ಅಂದ್ರೆ ಅದು. ಒಂದು ಕೆಲಸಕ್ಕಾಗಿ ಮಾಡಿದ್ದು, ಬೇಡವಾದರೆ ಬಿಚ್ಚಬಹುದಾದದ್ದು. ನನ್ನ ಕಾಯ್ದೆಯೂ ಇಷ್ಟೇ: ಬೋಲ್ಟಲ್ಲಿ ಬಂದದ್ದು ಬೋಲ್ಟಲ್ಲಿ ಹೋಗಬೇಕು. ಕತ್ತರಿಸಿದ್ದು ವಾಪಸು ಬರಲ್ಲ.

ಹಾಗಾದ್ರೆ ಆ ಒಂದು ವರ್ಷ ಏನು ಮಾಡೋದು? ಬೇಕಾದಷ್ಟಿದೆ. ಮೊದಲು ಎರಡೂ ಚಕ್ರ ಇಳಿಸಿ ಬ್ರೇಕ್ ಶೂ, ಡ್ರಮ್, ಬೇರಿಂಗ್ ನೋಡಿ. ಎಲ್ಲಾ ಕೇಬಲ್ ಬದಲಿಸಿ, ಒಂದೂ ಉಳಿಸಬೇಡಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2312 ಅಂತಿದ್ದರೆ 2012ರ ಇಪ್ಪತ್ತಮೂರನೇ ವಾರದ್ದು ಅಂತ. ಗುಂಡಿ ಎಷ್ಟೇ ಆಳ ಇರಲಿ, ಅಷ್ಟು ಹಳೇ ರಬ್ಬರು ಕಲ್ಲಾಗಿರುತ್ತದೆ. ಬದಲಿಸಿ. ಟ್ಯಾಂಕಿನ ಒಳಗಿನ ತುಕ್ಕು ತೊಳೆಯಿರಿ, ಇಲ್ಲಾಂದ್ರೆ ಕಾರ್ಬುರೇಟರನ್ನು ಎಷ್ಟು ಸಲ ಕ್ಲೀನ್ ಮಾಡಿದರೂ ಅಷ್ಟೇ. ವೈರಿಂಗಿನಲ್ಲಿ ಟೇಪು ಸುತ್ತಿದ ಪ್ರತಿ ಗಂಟನ್ನೂ ಬಿಚ್ಚಿ ನೋಡಿ. ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ, ಬಿಚ್ಚಿದ ಬೋಲ್ಟನ್ನು ಹೆಸರು ಬರೆದ ಡಬ್ಬಿಗೆ ಹಾಕಿ. ಪೆಟ್ರೋಲು ತೆಗೆಯುವಾಗ ಶೆಡ್ಡಿನ ಬಾಗಿಲು ಪೂರ್ತಿ ತೆಗೆದಿಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿಕೊಂಡಿರುತ್ತೆ, ಮೂಲೆಯ ಒಂದು ಕಿಡಿಗೆ ಹತ್ತಿಕೊಳ್ಳುತ್ತೆ. ಸಾಮಾನು ಬೇಕಾದರೆ ಜೆ.ಸಿ. ರೋಡಿದೆ, ಗುಜರಿಯಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಗಾಡಿಗಳನ್ನೇ ಮೂವತ್ತು ವರ್ಷ ಬಿಚ್ಚಿದ ಮೇಸ್ತ್ರಿ ಒಬ್ಬರನ್ನು ಹುಡುಕಿ ಪಕ್ಕದಲ್ಲಿ ನಿಂತುಕೊಳ್ಳಿ. ಯೂಟ್ಯೂಬಿನವನು ನಿಮ್ಮ ಎಂಜಿನ್ ಸದ್ದು ಕೇಳಿಸಿಕೊಳ್ಳಲ್ಲ, ಅವರು ಕೇಳಿಸಿಕೊಳ್ತಾರೆ.

ನನ್ನ ಗಾಡಿ ಏನಾಯ್ತು ಅಂತೀರಾ? ಅದೇ ಮೇಸ್ತ್ರಿಯ ಹತ್ತಿರ ಹೋದೆ. ಗುಜರಿಯಲ್ಲಿ ಇನ್ನೊಂದು ಸತ್ತ ರೋಡ್‌ಕಿಂಗಿನ ಹಿಂಭಾಗ ಸಿಕ್ಕಿತು. ಪೈಪಿನೊಳಗೆ ಪೈಪು ತೂರಿಸಿ, ಅಳತೆ ನೋಡಿ ವೆಲ್ಡ್ ಮಾಡಿದರು. ಮಡ್‌ಗಾರ್ಡ್, ಉದ್ದ ಸೀಟು, ಸೈಲೆನ್ಸರ್ ಒಂದೊಂದಾಗಿ ಹುಡುಕಲು ಹದಿನಾಲ್ಕು ತಿಂಗಳು ಹಿಡಿಯಿತು. ಕತ್ತರಿಸಲು ಹಿಡಿದದ್ದು ಹತ್ತು ನಿಮಿಷ. ಆರ್‌ಸಿ ನವೀಕರಣವಾಯ್ತು. ಸೀಟಿನ ಕೆಳಗೆ ಕೈಯಾಡಿಸಿದರೆ ವೆಲ್ಡಿನ ಗಂಟು ಇನ್ನೂ ಸಿಗುತ್ತೆ.

ಗಾಡಿ ರೆಡಿಯಾದ ದಿನ ಅಪ್ಪನ್ನ ಕರೆದೆ. ಮೊಳೆಯಿಂದ ಹೆಲ್ಮೆಟ್ ತೆಗೆದರು. ಕೂರುವ ಮುಂಚೆ, "ಆ ತುದಿವರೆಗೆ ಹೋಗಿ ಬ್ರೇಕ್ ಹಾಕಿ ತೋರ್ಸು ಮೊದ್ಲು" ಅಂದರು. ತೋರಿಸಿದೆ. ಆಮೇಲೆ ಹತ್ತಿದರು.

ಆದ್ದರಿಂದ ಗೆಳೆಯಾ, ನಿನ್ನ ಪ್ರಶ್ನೆಗೆ ಉತ್ತರ: ಒಳ್ಳೇ ಗ್ರೈಂಡರು ನನ್ನ ಹತ್ತಿರ ಇದೆ, ಕೊಡಲ್ಲ. ಸ್ಪ್ಯಾನರ್ ಸೆಟ್ಟೂ ಇದೆ, ಭಾನುವಾರ ತಗೊಂಡು ಬರ್ತೀನಿ. ಚಕ್ರದಿಂದ ಶುರು ಮಾಡೋಣ.